30 ಎಕರೆ, 40 ಪೌಂಡು, ಮತ್ತೊಂದು ಕುದುರೆ ಜೂಜು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಇದು ನಮಗೆಲ್ಲ ಶಾಲೆಯಲ್ಲಿ ಓದಿದ ವಿಷಯ. ಆ ಮುತ್ತಿಗೆಯ ಇಂಗ್ಲಿಷ್ ದಂಡಿನಲ್ಲಿ ಲಾಕ್ಲನ್ ಮಕ್ವಾರಿ ಅಂತ ಒಬ್ಬ ಸ್ಕಾಟ್ಲೆಂಡಿನ ಅಧಿಕಾರಿ ಇದ್ದ. 1792ರ ಮುತ್ತಿಗೆಗೂ ಬಂದಿದ್ದವನೇ. ಕೋಟೆಗೆ ನುಗ್ಗಿದ ಪಡೆಗಳಲ್ಲಿ 73ನೇ ರೆಜಿಮೆಂಟ್ ಕೂಡ ಒಂದು.

ಹನ್ನೊಂದು ವರ್ಷ ಕಳೆಯಿತು. 1810ರ ಅಕ್ಟೋಬರ್‌ನಲ್ಲಿ ಇದೇ ಮಕ್ವಾರಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಗವರ್ನರ್ ಆಗಿ ಕೂತಿದ್ದ. ಅವನ ಜೊತೆ ಅಲ್ಲಿಗೆ ಹೋಗಿದ್ದೂ ಅದೇ 73ನೇ ರೆಜಿಮೆಂಟ್. ಸಿಪಾಯಿಗಳು ಎಷ್ಟೋ ಬದಲಾಗಿದ್ದರು, ನಂಬರ್ ಮಾತ್ರ ಅದೇ. ಆ ರೆಜಿಮೆಂಟಿನ ಅಧಿಕಾರಿಗಳು ಅಕ್ಟೋಬರ್ 15, 17 ಮತ್ತು 19ರಂದು ಊರಾಚೆಯ ಮೈದಾನದಲ್ಲಿ ಮೂರು ದಿನ ಕುದುರೆ ಜೂಜು ನಡೆಸಿದರು. ಆ ದೇಶದ ಮೊದಲ ಅಧಿಕೃತ ರೇಸ್ ಅಂತ ಇವತ್ತಿಗೂ ಅದನ್ನೇ ಹೇಳುತ್ತಾರೆ.

ಜೂಜು ನಡೆಯಬೇಕು ಅಂದರೆ ಕೈಯಲ್ಲಿ ದುಡ್ಡು ಇರುವವರು ಬೇಕು. 22 ವರ್ಷದ ಹಿಂದೆ ಬರೀ ಕೈದಿಗಳನ್ನು ತಂದು ಇಳಿಸಿದ್ದ ಊರು ಅದು. ಅಲ್ಲಿ ದುಡ್ಡು ಯಾರ ಕೈಗೆ ಬಂತು, ಹೇಗೆ ಬಂತು? ಅದು ಗೊತ್ತಾಗಬೇಕಾದರೆ ಮೊದಲು ಒಬ್ಬ ರೈತನ ಕಥೆ ಕೇಳಬೇಕು.

ಅವನ ಹೆಸರು ಜೇಮ್ಸ್ ರೂಸ್. ಇಂಗ್ಲೆಂಡಿನ ಕಾರ್ನ್‌ವಾಲ್‌ನವನು. 1782ರಲ್ಲಿ ಕಳ್ಳತನದ ಕೇಸಿನಲ್ಲಿ 7 ವರ್ಷ ಗಡೀಪಾರು ಶಿಕ್ಷೆ ಆಯಿತು. 1788ರ ಜನವರಿಯಲ್ಲಿ 11 ಹಡಗುಗಳಲ್ಲಿ 700ಕ್ಕೂ ಹೆಚ್ಚು ಕೈದಿಗಳನ್ನು ಸಿಡ್ನಿಗೆ ತಂದು ಇಳಿಸಿದರಲ್ಲ, ಅದರಲ್ಲಿ ಇವನೂ ಒಬ್ಬ. ಹೊಸ ನೆಲದಲ್ಲಿ ಬೆಳೆ ಕೈಗೆ ಹತ್ತಲಿಲ್ಲ. ಹಡಗಿನಲ್ಲಿ ತಂದ ಹಿಟ್ಟು ಮುಗಿಯುತ್ತಾ ಬಂತು, ಎಲ್ಲರಿಗೂ ರೇಷನ್ ಕಡಿತ. ಆಗ ಗವರ್ನರ್ ಆಗಿದ್ದ ಆರ್ಥರ್ ಫಿಲಿಪ್ ಒಂದು ಪರೀಕ್ಷೆ ಮಾಡಿ ನೋಡೋಣ ಅಂದುಕೊಂಡ. ಒಂದು ಕುಟುಂಬ ತಾನು ತಿನ್ನುವಷ್ಟು ತಾನೇ ಬೆಳೆದುಕೊಳ್ಳಲು ಎಷ್ಟು ದಿನ ಬೇಕು? ಅದಕ್ಕೆ ಆರಿಸಿದ್ದು ಶಿಕ್ಷೆ ಮುಗಿಸಿಕೊಂಡು ಜಮೀನು ಕೊಡಿ ಅಂತ ಕೇಳುತ್ತಿದ್ದ ರೂಸ್‌ನನ್ನು. 1789ರ ಕೊನೆಯಲ್ಲಿ ಸಿಡ್ನಿಯಿಂದ ಸುಮಾರು 24 ಕಿಲೋಮೀಟರ್ ಪಶ್ಚಿಮಕ್ಕೆ, ಪ್ಯಾರಮಟ್ಟದ ಹತ್ತಿರ ಜಾಗ ತೋರಿಸಿದರು. ಸ್ವಲ್ಪ ಕಾಡು ಕಡಿಸಿಕೊಟ್ಟರು. ಬೀಜ, ಗುದ್ದಲಿ, ಕೊಡಲಿ, ಒಂದೆರಡು ಹಂದಿ, ನಾಲ್ಕಾರು ಕೋಳಿ.

ರೂಸ್ ಮಾಡಿದ ಬೇಸಾಯದ ವಿವರ ನಮಗೆ ಸಿಗುತ್ತದೆ. ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ 1790ರಲ್ಲಿ ಅವನ ಹೊಲಕ್ಕೇ ಹೋಗಿ, ಕೇಳಿ, ಬರೆದಿಟ್ಟ. ಗೊಬ್ಬರಕ್ಕೆ ದನ ಇರಲಿಲ್ಲ. ಹಡಗಿನಲ್ಲಿ ತಂದಿದ್ದ ನಾಲ್ಕಾರು ದನ ಬಂದ ವರ್ಷವೇ ಕಾಡು ಸೇರಿಬಿಟ್ಟಿದ್ದವು. ಹಾಗಾಗಿ ರೂಸ್ ಬಿದ್ದ ಮರ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿದ. ಗುದ್ದಲಿಯಲ್ಲಿ ಆಳವಾಗಿ ಅಗೆದ. ಹೆಂಟೆ ತಿರುವಿ ಬಿಸಿಲು ಗಾಳಿಗೆ ಬಿಟ್ಟ. ಹುಲ್ಲು ಕಳೆಯನ್ನು ಒಳಗೇ ಮುಚ್ಚಿ ಕೊಳೆಸಿದ. ಬಿತ್ತನೆಗೆ ಮುಂಚೆ ಇನ್ನೊಮ್ಮೆ ಅಗೆದ. ಸರ್ಕಾರಿ ಹೊಲಗಳಲ್ಲಿ ಕೈದಿಗಳು ಮೇಲೆ ಮೇಲೆ ಕೆರೆದು ಬೀಜ ಚೆಲ್ಲುತ್ತಿದ್ದಾಗ ಇವನೊಬ್ಬ ಹೀಗೆ ಮೈಬಗ್ಗಿಸಿ ದುಡಿದ. ಸಾವಯವ ಅನ್ನುವ ಪದ ಅವನಿಗೆ ಗೊತ್ತಿರಲಿಲ್ಲ ಬಿಡಿ. 1790ರಲ್ಲಿ ಎಲಿಜಬೆತ್ ಪೆರ್ರಿ ಎಂಬ ಕೈದಿ ಹೆಂಗಸನ್ನು ಮದುವೆಯಾದ. 1791ರ ಆರಂಭಕ್ಕೆ, ಇನ್ನು ಸರ್ಕಾರದ ರೇಷನ್ ನನಗೆ ಬೇಡ ಅಂತ ಹೇಳುವ ಮಟ್ಟಕ್ಕೆ ಬಂದ.

ಫಿಲಿಪ್ ಖುಷಿಪಟ್ಟು 30 ಎಕರೆಯ ಹಕ್ಕುಪತ್ರ ಕೊಟ್ಟ. ಆ ವಸಾಹತಿನಲ್ಲಿ ಸರ್ಕಾರ ಕೊಟ್ಟ ಮೊದಲ ಜಮೀನು ಅದು. ಮುಂದೆ ಇದೇ ಲೆಕ್ಕ ನಡೆಯಿತು. ಶಿಕ್ಷೆ ಮುಗಿಸಿದವನಿಗೆ 30 ಎಕರೆ, ಮದುವೆಯಾಗಿದ್ದರೆ ಇನ್ನು 20, ಮಗುವಿಗೆ 10ರಂತೆ.

ಕೊಟ್ಟಿದ್ದು ಸರ್ಕಾರ, ಆದರೆ ನೆಲ ಯಾರದು? ಅಲ್ಲಿ ಸಾವಿರಾರು ವರ್ಷದಿಂದ ಬರಮಟ್ಟಗಲ್ ಎಂಬ ಮೂಲನಿವಾಸಿಗಳು ಬಾಳಿದ್ದರು. ಪ್ಯಾರಮಟ್ಟ ಅನ್ನುವ ಹೆಸರಿಗೂ ಅವರ ಹೆಸರಿಗೂ ನಂಟಿದೆ. ಅವರಿಂದ ಯಾರೂ ಕೊಂಡುಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ. ಬೇಲಿ ಇಲ್ಲ, ಉತ್ತ ಗೆರೆ ಇಲ್ಲ, ಹಾಗಾಗಿ ಯಜಮಾನನೂ ಇಲ್ಲ ಅಂತ ಬಂದವರು ತೀರ್ಮಾನಿಸಿಬಿಟ್ಟರು. ಪೆಮುಲ್ವುಯ್ ಎಂಬ ನಾಯಕ ವರ್ಷಗಟ್ಟಲೆ ಆ ಹೊಲಗಳ ಮೇಲೆ ದಾಳಿ ಮಾಡಿದ. 1797ರಲ್ಲಿ ಪ್ಯಾರಮಟ್ಟ ಊರಿಗೇ ನುಗ್ಗಿದ. 1802ರಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ರೂಸ್‌ನ ವಿಷಯಕ್ಕೆ ಬರೋಣ. ಇಷ್ಟೆಲ್ಲ ಮಾಡಿ ಸಂಪಾದಿಸಿದ 30 ಎಕರೆಯನ್ನು ಅವನು 1793ರಲ್ಲಿ ಮಾರಿಬಿಟ್ಟ. ಬೆಲೆ 40 ಪೌಂಡು. ಕೊಂಡವನು ಜಾನ್ ಹ್ಯಾರಿಸ್, ಅಲ್ಲಿನ ಸೈನ್ಯದ ಡಾಕ್ಟರ್.

40 ಪೌಂಡು ಅಂದರೆ ಎಷ್ಟು? ಆಗ ಸರ್ಕಾರಿ ಉಗ್ರಾಣ ಒಂದು ಬುಷೆಲ್ ಗೋಧಿಗೆ 10 ಶಿಲಿಂಗ್ ಕೊಡುತ್ತಿತ್ತು. ಬುಷೆಲ್ ಅಂದರೆ ಸುಮಾರು 27 ಕಿಲೋ. 40 ಪೌಂಡಿಗೆ 800 ಶಿಲಿಂಗ್. ಅಂದರೆ 80 ಬುಷೆಲ್, ಹತ್ತಿರ ಹತ್ತಿರ 22 ಕ್ವಿಂಟಾಲ್ ಗೋಧಿ. ಒಂದು ದೊಡ್ಡ ಟ್ರ್ಯಾಕ್ಟರ್ ಟ್ರಾಲಿಯೂ ತುಂಬದಷ್ಟು ಕಾಳಿನ ಬೆಲೆಗೆ 30 ಎಕರೆ ಹೋಯಿತು. ಅದೇ ಕಾಲದಲ್ಲಿ ಸಿಡ್ನಿಯಲ್ಲಿ ಒಂದು ಕುದುರೆ ಇದಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಡಾಕ್ಟರ ಕೈಯಲ್ಲಿ ದುಡ್ಡಿತ್ತು, ರೈತನ ಕೈಯಲ್ಲಿ ಯಾಕೆ ಇರಲಿಲ್ಲ? ಇದರ ಉತ್ತರ ಆ ಊರಿನ ವ್ಯಾಪಾರದ ರೀತಿಯಲ್ಲಿದೆ.

ಸಿಡ್ನಿಯಲ್ಲಿ ನಾಣ್ಯ ಅನ್ನುವುದೇ ಅಪರೂಪ. ಜೈಲಿಗೆ ಯಾರು ಹಣದ ಪೆಟ್ಟಿಗೆ ಕಳಿಸುತ್ತಾರೆ? ಹೊರಗಿನಿಂದ ಬಂದ ಹಡಗಿನವನಿಗೆ ಲಂಡನ್ನಿನಲ್ಲಿ ನಗದಾಗುವ ಹುಂಡಿ ಬೇಕು. ಆ ಹುಂಡಿ ಇದ್ದದ್ದು ಸೈನ್ಯದ ಅಧಿಕಾರಿಗಳ ಹತ್ತಿರ, ಯಾಕೆಂದರೆ ಅವರ ಸಂಬಳ ಬರುತ್ತಿದ್ದದ್ದು ಲಂಡನ್ನಿನಿಂದ. ಅಧಿಕಾರಿಗಳು ಒಟ್ಟು ಸೇರಿ ಹಡಗಿನ ಸರಕನ್ನು ಸಗಟಾಗಿ ಕೊಂಡುಕೊಳ್ಳುವರು. ಚಹಾ, ಸಕ್ಕರೆ, ಬಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ರಮ್. ಆಮೇಲೆ ಹಲವು ಪಟ್ಟು ಬೆಲೆಗೆ ಊರವರಿಗೆ ಮಾರುವರು. ಕೂಲಿಯನ್ನೂ ರಮ್ಮಿನಲ್ಲೇ ಕೊಡುವರು.

ರೈತನ ಗೋಧಿಯನ್ನು ಸರ್ಕಾರಿ ಉಗ್ರಾಣ ಕೊಳ್ಳುತ್ತಿತ್ತು ನಿಜ. ಆದರೆ ಕೈಗೆ ಬರುತ್ತಿದ್ದದ್ದು ಒಂದು ರಸೀದಿ. ಅದು ಹಣವಾಗಲು ಕಾಯಬೇಕು. ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲದವನು ಎಷ್ಟು ದಿನ ಕಾದಾನು? ಅವನು ಬೆಳೆ ಹೊಲದಲ್ಲಿ ನಿಂತಿರುವಾಗಲೇ ಅಂಗಡಿಯವನಿಗೆ ಬರೆದುಕೊಟ್ಟು ಸಾಮಾನು ತರುವನು. ಗೋಧಿ ಅಂಗಡಿಯವನ ಕೈಗೆ, ಉಗ್ರಾಣದ ರಸೀದಿಯೂ ಅಂಗಡಿಯವನ ಕೈಗೆ. ನಮ್ಮ ಎಪಿಎಂಸಿ ಮಂಡಿಗಳಲ್ಲಿ ಮುಂಗಡ ಕೊಟ್ಟ ದಲ್ಲಾಳಿಗೇ ಮಾಲು ಹಾಕಬೇಕಾದ ಕಟ್ಟುಪಾಡು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1792ರ ಕೊನೆಯಲ್ಲಿ ಫಿಲಿಪ್ ಊರಿಗೆ ಹೋದ ಮೇಲೆ ಸೈನ್ಯದ ಮೇಜರನೇ ಆಡಳಿತ ವಹಿಸಿಕೊಂಡ. ಅಧಿಕಾರಿಗಳಿಗೂ ಜಮೀನು, ದುಡಿಯಲು ತಲಾ 10 ಕೈದಿಗಳು. ರೂಸ್ ಜಮೀನು ಮಾರಿದ್ದು ಇದರ ಮರು ವರ್ಷ. ಒಂದು ಕಡೆ ಗುದ್ದಲಿ ಹಿಡಿದ ಗಂಡ ಹೆಂಡತಿ. ಇನ್ನೊಂದು ಕಡೆ ಹತ್ತು ಬಿಟ್ಟಿ ಆಳು, ರಮ್ಮಿನ ಅಂಗಡಿ ಮತ್ತು ಲಂಡನ್ನಿನ ಹುಂಡಿ. ರೂಸ್ ಸೋಮಾರಿ ಆಗಿದ್ದರಿಂದ ಜಮೀನು ಕಳೆದುಕೊಂಡ ಅಂತ ಹೇಳುವ ಹಾಗಿಲ್ಲ. ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬೇಸಾಯ ಮಾಡಿ ತೋರಿಸಿದವರು ಆಗ ಇರಲಿಲ್ಲ.

ಮಾರಿದ ಮೇಲೆ ಇಂಗ್ಲೆಂಡಿಗೆ ವಾಪಸ್ ಹೋಗುವ ಯೋಚನೆ ಅವನಿಗಿತ್ತು, ಹೋಗಲಾಗಲಿಲ್ಲ. 1794ರಲ್ಲಿ ಹಾಕ್ಸ್‌ಬರಿ ನದಿ ದಂಡೆಗೆ ಮೊದಲು ಹೋದ 22 ಜನ ರೈತರಲ್ಲಿ ಒಬ್ಬನಾಗಿ ಹೊಸದಾಗಿ ಶುರುಮಾಡಿದ.

ಹಾಕ್ಸ್‌ಬರಿಯ ಮಣ್ಣು ಚಿನ್ನ. ನದಿ ತಂದು ಹಾಕಿದ ಮೆಕ್ಕಲು. ಅದರಲ್ಲಿ ಮೂಲನಿವಾಸಿಗಳ ಗೆಣಸಿನ ಗಡ್ಡೆಗಳಿದ್ದವು. ಬಂದವರು ಅವನ್ನು ಕಿತ್ತು ಮೆಕ್ಕೆಜೋಳ ಹಾಕಿದರು. ಹಸಿದವರು ಜೋಳದ ತೆನೆ ಮುರಿಯಲು ಬಂದರೆ ಗುಂಡು. ಮಣ್ಣು ತಂದ ನದಿಯೇ ಪ್ರವಾಹವನ್ನೂ ತಂದಿತು. 1806ರ ಮಾರ್ಚ್‌ನಲ್ಲಿ, ಮತ್ತೆ 1809ರಲ್ಲಿ ಮನೆ, ಬಣವೆ, ಹಂದಿ, ಬಿತ್ತನೆ ಬೀಜ ಎಲ್ಲ ಕೊಚ್ಚಿಕೊಂಡು ಹೋಯಿತು. ಇಡೀ ಸಿಡ್ನಿ ಉಣ್ಣುತ್ತಿದ್ದದ್ದು ಹಾಕ್ಸ್‌ಬರಿಯ ಕಾಳು. ಹಾಗಾಗಿ ಗೋಧಿ ಬೆಲೆ ಒಮ್ಮೆಗೇ ಹಲವು ಪಟ್ಟು ಏರಿತು.

ಇಲ್ಲಿ ಒಂದು ವ್ಯಾಜ್ಯ ಹೇಳಲೇಬೇಕು. ಕೈಚೀಟಿಗಳನ್ನು ಆಗ ಹಣದಲ್ಲಿ ಬರೆಯುವ ಬದಲು ಎಷ್ಟೋ ಸಲ ಗೋಧಿಯಲ್ಲಿ ಬರೆಯುತ್ತಿದ್ದರು, ಇಷ್ಟು ಬುಷೆಲ್ ಕೊಡುತ್ತೇನೆ ಅಂತ. ಆಂಡ್ರ್ಯೂ ಥಾಂಪ್ಸನ್ ಎಂಬ ಹಾಕ್ಸ್‌ಬರಿ ವ್ಯಾಪಾರಿ ಪ್ರವಾಹಕ್ಕೆ ಮುಂಚೆ ಬರೆದುಕೊಟ್ಟ ಅಂಥದ್ದೊಂದು ಚೀಟಿ ಜಾನ್ ಮೆಕಾರ್ಥರ್ ಕೈಸೇರಿತು. ಮೆಕಾರ್ಥರ್ ಅಂದರೆ ಮಾಜಿ ಸೇನಾಧಿಕಾರಿ, ದೊಡ್ಡ ಜಮೀನ್ದಾರ. ಪ್ರವಾಹದ ನಂತರ ಬೆಲೆ ಏರಿದಾಗ ಅವನು, ಹಣ ಬೇಡ, ಚೀಟಿಯಲ್ಲಿದ್ದಷ್ಟು ಬುಷೆಲ್ ಗೋಧಿಯನ್ನೇ ಕೊಡು ಅಂತ ಕೋರ್ಟಿಗೆ ಹೋದ. ಸಾಲ ಪಡೆದಾಗಿನ ಬೆಲೆಯ ಲೆಕ್ಕಕ್ಕೆ ಅದು ಹಲವು ಪಟ್ಟು. ಕೋರ್ಟು ಒಪ್ಪಲಿಲ್ಲ. ಅಪೀಲಿನಲ್ಲಿ ಗವರ್ನರ್ ಬ್ಲೈ ಕೂಡ ಒಪ್ಪಲಿಲ್ಲ. ಬ್ಲೈ ರಮ್ ಕೊಟ್ಟು ಕಾಳು ಕೊಳ್ಳುವುದನ್ನೂ ನಿಷೇಧಿಸಿದ್ದ. ಇಬ್ಬರಿಗೂ ಹಗೆ ಬೆಳೆಯಿತು. 1808ರ ಜನವರಿ 26ರಂದು ಸೈನ್ಯವೇ ಗವರ್ನರನನ್ನು ಬಂಧಿಸಿತು. ಇದಕ್ಕೆ ರಮ್ ದಂಗೆ ಅಂತ ಹೆಸರು. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೆ ರೈತನ ಸಾಲದ ಚೀಟಿಯನ್ನು ಹೇಗೆ ಓದಬೇಕು ಅನ್ನುವ ಜಗಳ ಅದರಲ್ಲಿ ಇತ್ತು ಅನ್ನುವುದನ್ನು ಮರೆಯಬಾರದು.

ದಂಗೆಯ ಕೊಳೆ ತೊಳೆಯಲು ಲಂಡನ್ ಕಳಿಸಿದ್ದೇ ಮಕ್ವಾರಿಯನ್ನು ಮತ್ತು 73ನೇ ರೆಜಿಮೆಂಟನ್ನು.

ಹಿಂದೂಸ್ತಾನದ ಕಡೆಯಿಂದ ಹೋದದ್ದು ಇವರಷ್ಟೇ ಅಲ್ಲ. ಕಲ್ಕತ್ತಾದ ಒಂದು ಕಂಪನಿ 1796ರಲ್ಲೇ ರಮ್ ಮತ್ತಿತರ ಸರಕು ತುಂಬಿ ಸಿಡ್ನಿ ಕೋವ್ ಎಂಬ ಹಡಗು ಕಳಿಸಿತ್ತು. ಅದು ದಾರಿಯಲ್ಲೇ ಒಡೆಯಿತು. ಬದುಕುಳಿದವರಲ್ಲಿ 17 ಜನ ಕರಾವಳಿ ಗುಂಟ ನೂರಾರು ಮೈಲಿ ನಡೆದು ಹೊರಟರು, ಅದರಲ್ಲಿ ಲಾಸ್ಕರ್ ಅಂತ ಕರೆಯುತ್ತಿದ್ದ ನಮ್ಮ ಕಡೆಯ ಖಲಾಸಿಗಳೂ ಇದ್ದರು. ಸಿಡ್ನಿ ಮುಟ್ಟಿದ್ದು ಮೂರೇ ಜನ. ಅದೇ ಕಂಪನಿಯ ಪಾಲುದಾರ ರಾಬರ್ಟ್ ಕ್ಯಾಂಬೆಲ್ 1798ರಲ್ಲಿ ತಾನೇ ಹೋಗಿ, ಆಮೇಲೆ ಸಿಡ್ನಿಯಲ್ಲೇ ದಕ್ಕೆ, ಗೋದಾಮು ಕಟ್ಟಿ ನೆಲೆಸಿದ. ಅಧಿಕಾರಿಗಳಿಗಿಂತ ಕಡಿಮೆ ಬೆಲೆಗೆ ಮಾರಿದ, ರೈತರಿಗೆ ಉದ್ದರಿ ಕೊಟ್ಟ. ಸುಮಾರು 200 ರೈತರು ಸೇರಿ ಅವನಿಗೆ ಕೃತಜ್ಞತೆಯ ಪತ್ರ ಕೊಟ್ಟರು. ಕ್ಯಾಂಬೆಲ್ ಧರ್ಮಕ್ಕೆ ಅಂಗಡಿ ಇಟ್ಟವನಲ್ಲ. ಎರಡನೇ ಅಂಗಡಿ ಬಂದರೆ ಮೊದಲನೆಯವನ ಸೊಕ್ಕು ಇಳಿಯುತ್ತದೆ, ಅಷ್ಟೆ.

ಕ್ಯಾಂಬೆಲ್ ಹಿಂದೂಸ್ತಾನದಿಂದ ತರಿಸಿದ್ದರಲ್ಲಿ ಹೆಕ್ಟರ್ ಎಂಬ ಅರಬ್ಬಿ ಗಂಡು ಕುದುರೆಯೂ ಒಂದು. ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯ ಕುದುರೆ ಅದು ಅಂತ ಅಲ್ಲಿ ಒಂದು ಮಾತು ನಡೆದುಬಂದಿದೆ. ದೊಡ್ಡವರ ಹೆಸರು ಸೇರಿಸಿದರೆ ಕುದುರೆಗೆ ಬೆಲೆ ಬರುತ್ತದೆ, ಹಾಗಾಗಿ ನಾನು ಅದನ್ನು ಮಾತು ಅಂತಲೇ ಬಿಡುತ್ತೇನೆ. ಹೆಕ್ಟರ್‌ನ ತಳಿಗೆ ಮಾತ್ರ ಸಿಡ್ನಿಯಲ್ಲಿ ಭಾರಿ ಬೇಡಿಕೆ ಇತ್ತು. 1788ರಲ್ಲಿ ಏಳು ಕುದುರೆ ಇದ್ದ ವಸಾಹತಿನಲ್ಲಿ 1810ರ ಹೊತ್ತಿಗೆ ಸಾವಿರಕ್ಕೂ ಸ್ವಲ್ಪ ಹೆಚ್ಚು ಕುದುರೆಗಳಿದ್ದವು. ಜನ ಇದ್ದದ್ದು ಸುಮಾರು ಹತ್ತು ಸಾವಿರ.

ಈ ಊರಿಗೆ ಒಂದೇ ಪತ್ರಿಕೆ, ಸಿಡ್ನಿ ಗೆಜೆಟ್. 1803ರ ಮಾರ್ಚ್ 5ರಂದು ಶುರುವಾಯಿತು. ಅಚ್ಚು ಹಾಕುತ್ತಿದ್ದ ಜಾರ್ಜ್ ಹೋವ್ ಕೂಡ ಕೈದಿಯೇ. ಸರ್ಕಾರದ ಆಜ್ಞೆಗಳು, ಹಡಗಿನಲ್ಲಿ ಬಂದ ಚಹಾ ಬಟ್ಟೆಯ ಜಾಹೀರಾತು, ಸಾಲಕ್ಕೆ ಹರಾಜಾಗುವ ಹೊಲಗಳ ನೋಟಿಸು, ಕುದುರೆ ಜೂಜಿನ ಸುದ್ದಿ, ಎಲ್ಲ ಒಂದೇ ಹಾಳೆಯಲ್ಲಿ. ಇವು ಬೇರೆ ಬೇರೆ ಸುದ್ದಿ ಅಂತ ಓದಿದರೆ ಆ ಊರು ಅರ್ಥವಾಗುವುದಿಲ್ಲ. ಚಹಾ ಮಾರುವವನೇ ಎಷ್ಟೋ ಸಲ ಹೊಲ ಹರಾಜು ಹಿಡಿಯುವವನು, ಕುದುರೆ ಸಾಕುವವನೂ ಅವನ ಪೈಕಿಯವನೇ.

1810ರ ಅಕ್ಟೋಬರ್‌ನಲ್ಲಿ ಮಕ್ವಾರಿ ಊರಾಚೆಯ ಆ ಗೋಮಾಳಕ್ಕೆ ಲಂಡನ್ನಿನ ನೆನಪಿನಲ್ಲಿ ಹೈಡ್ ಪಾರ್ಕ್ ಅಂತ ಹೆಸರಿಟ್ಟ. ಕುಡಿತ, ಜೂಜುಕಟ್ಟೆ, ಬೈಗುಳ, ಹೊಡೆದಾಟ ಮೈದಾನದ ಹತ್ತಿರ ನಡೆಯಕೂಡದು ಅಂತ ಆಜ್ಞೆ ಹೊರಡಿಸಿದ. ಕುದುರೆ ಜೂಜಿಗೆ ಜೂಜು ನಿಷೇಧ! ಹೆಂಡತಿ ಎಲಿಜಬೆತ್ ಗೆದ್ದವರಿಗೆ ಒಂದು ಕಪ್ ಕೊಟ್ಟಳು. ಇಂಥ ಮೋಜು ಈ ಸೈನ್ಯದವರಿಗೆ ಹೊಸದಲ್ಲ, ಮದ್ರಾಸಿನ ಗಿಂಡಿಯಲ್ಲಿ ಆಗಲೇ ಎಷ್ಟೋ ವರ್ಷಗಳಿಂದ ರೇಸ್ ನಡೆಯುತ್ತಿತ್ತು.

ಗೆದ್ದ ಕುದುರೆಗಳಲ್ಲಿ ಗಿಗ್ ಅಂತ ಒಂದು. ಅದನ್ನು ಓಡಿಸಿದವನು 20ರ ಆಸುಪಾಸಿನ ಹುಡುಗ ವಿಲಿಯಂ ವೆಂಟ್‌ವರ್ತ್. ಕುದುರೆ ಅವನ ಅಪ್ಪ ಡಾರ್ಸಿ ವೆಂಟ್‌ವರ್ತ್‌ನದು. ಈ ಡಾರ್ಸಿ ಸರ್ಕಾರದ ಮುಖ್ಯ ಡಾಕ್ಟರ್, ಅದೇ ವರ್ಷ ಪೊಲೀಸಿನ ಜವಾಬ್ದಾರಿಯನ್ನೂ ವಹಿಸಿಕೊಂಡವನು. ಯೌವನದಲ್ಲಿ ಇಂಗ್ಲೆಂಡಿನಲ್ಲಿ ದಾರಿದರೋಡೆ ಆರೋಪದಲ್ಲಿ ಕೋರ್ಟು ಹತ್ತಿ ಬಿಡುಗಡೆಯಾಗಿ ಬಂದಿದ್ದ. ರೇಸ್ ಮುಗಿದು ಮೂರು ವಾರವೂ ಆಗಿರಲಿಲ್ಲ. ನವೆಂಬರ್ 6ರಂದು ಅವನೂ ಇನ್ನಿಬ್ಬರು ವ್ಯಾಪಾರಿಗಳೂ ಗವರ್ನರ್ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಊರಿಗೆ ಒಂದು ಆಸ್ಪತ್ರೆ ಕಟ್ಟಿಕೊಡಬೇಕು. ಬದಲಿಗೆ 45,000 ಗ್ಯಾಲನ್ ರಮ್ ತರಿಸಿ ಮಾರುವ ಹಕ್ಕು ಹೆಚ್ಚುಕಡಿಮೆ ಅವರಿಗೇ. ಲೀಟರಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ಕುಡಿಸಿದ ದುಡ್ಡಿನಲ್ಲಿ ಆಸ್ಪತ್ರೆ, ಅದೂ ಡಾಕ್ಟರನ ಪಾಲುದಾರಿಕೆಯಲ್ಲಿ. ಹೈಡ್ ಪಾರ್ಕಿನ ಪಕ್ಕದಲ್ಲೇ ಎದ್ದ ಆ ಕಟ್ಟಡದ ಒಂದು ಭಾಗ ಇವತ್ತು ನ್ಯೂ ಸೌತ್ ವೇಲ್ಸ್ ರಾಜ್ಯದ ವಿಧಾನಸಭೆ.

ಗೋಧಿ ಚೀಟಿಯ ಆಂಡ್ರ್ಯೂ ಥಾಂಪ್ಸನ್? ಅವನೂ ಕೈದಿಯಾಗಿ ಬಂದವನು. ಹಾಕ್ಸ್‌ಬರಿಯಲ್ಲಿ ಅಂಗಡಿ, ದೋಣಿ, ಸುಂಕದ ಸೇತುವೆ ಅಂತ ಬೆಳೆದು ಆ ಕಡೆಯ ದೊಡ್ಡ ಸಾಹುಕಾರನಾದ. ಪ್ರವಾಹದಲ್ಲಿ ನೀರಿಗಿಳಿದು ಜನರನ್ನು ಉಳಿಸಿದವನೂ ಅವನೇ. 1809ರ ಪ್ರವಾಹದಲ್ಲಿ ಹಿಡಿದ ಕಾಯಿಲೆ ಬಿಡಲಿಲ್ಲ. ಮಕ್ವಾರಿ ಅವನನ್ನು ಮ್ಯಾಜಿಸ್ಟ್ರೇಟ್ ಮಾಡಿದ್ದ, ಕೈದಿಯಾಗಿ ಬಂದವರಲ್ಲಿ ಅವನೇ ಮೊದಲಿಗ. ರೇಸ್ ಮುಗಿದ ಮೂರನೇ ದಿನ, ಅಕ್ಟೋಬರ್ 22ರಂದು ಸತ್ತ. ಆಸ್ತಿಯಲ್ಲಿ ಕಾಲು ಭಾಗ ಗವರ್ನರನಿಗೇ ಬರೆದಿಟ್ಟಿದ್ದ. ಮಕ್ವಾರಿ ಅದನ್ನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ನನಗನ್ನಿಸುತ್ತದೆ.

ಹಾಗಂತ ಮಕ್ವಾರಿ ರೈತರಿಗೆ ಏನೂ ಮಾಡಲಿಲ್ಲ ಅನ್ನಲಾಗದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಾಕ್ಸ್‌ಬರಿ ಕಡೆ ಪ್ರವಾಹ ಮುಟ್ಟದ ಎತ್ತರದಲ್ಲಿ ಐದು ಊರುಗಳಿಗೆ ಜಾಗ ಗುರುತಿಸಿದ. ಹೊಸದಾಗಿ ಕೊಟ್ಟ ಜಮೀನನ್ನು 5 ವರ್ಷ ಮಾರಬಾರದು, ಸಾಗು ಮಾಡಲೇಬೇಕು ಅಂತ ಷರತ್ತು ಹಾಕಿದ. ನಮ್ಮ ದರಖಾಸ್ತು ಪತ್ರಗಳಲ್ಲಿ ಬರುವ ಪರಭಾರೆ ಮಾಡಬಾರದು ಎಂಬ ಸಾಲಿನ ಜಾತಿಯದೇ. 1812ರಲ್ಲಿ ಮದ್ರಾಸಿನಿಂದ ಒಂದು ಹಡಗು 40,000 ಸ್ಪ್ಯಾನಿಷ್ ಬೆಳ್ಳಿ ಡಾಲರ್ ತಂದಿತು. ನಾಣ್ಯ ಮತ್ತೆ ಹೊರದೇಶದ ಹಡಗು ಹತ್ತಿ ಹೋಗದಿರಲಿ ಅಂತ ಮಕ್ವಾರಿ ಪ್ರತಿ ನಾಣ್ಯದ ನಡುವೆ ತೂತು ಕೊರೆಸಿದ. ಹೊರಗಿನ ಬಳೆ 5 ಶಿಲಿಂಗ್, ಒಳಗಿನ ಬಿಲ್ಲೆ 15 ಪೆನ್ಸ್. ಕೊರೆಯಲು ಸಿಕ್ಕವನು ಖೋಟಾ ಕೇಸಿನಲ್ಲಿ ಶಿಕ್ಷೆಯಾಗಿ ಬಂದ ಕೈದಿ. ನಮ್ಮ ಅಜ್ಜಿಯರ ಡಬ್ಬಿಯಲ್ಲಿ ಇರುತ್ತಿದ್ದ ತೂತು ಕಾಸಿಗೆ ಇದು ಹಿರಿಯಣ್ಣ.

ರೂಸ್‌ಗೆ ಇದ್ಯಾವುದೂ ಒದಗಲಿಲ್ಲ. ಹಾಕ್ಸ್‌ಬರಿಯಲ್ಲೂ ಸಾಲ, ಪ್ರವಾಹ. ಬೇರೆ ಕಡೆ ಮತ್ತೆ ಜಮೀನು ಸಿಕ್ಕಿತು, ಉಳಿಯಲಿಲ್ಲ. 1828ರ ಗಣತಿಯ ಹೊತ್ತಿಗೆ, ಆ ದೇಶದ ಮೊದಲ ಹಕ್ಕುಪತ್ರ ಪಡೆದ ರೈತ ಇನ್ನೊಬ್ಬರ ಜಮೀನಿನಲ್ಲಿ ಸಂಬಳಕ್ಕೆ ಮೇಸ್ತ್ರಿಯಾಗಿದ್ದ. 1837ರಲ್ಲಿ ಸತ್ತ.

ಹ್ಯಾರಿಸ್ ಆ 30 ಎಕರೆಯನ್ನು ಬಿಡಲಿಲ್ಲ. 1830ರ ದಶಕದಲ್ಲಿ ಅಲ್ಲೊಂದು ಮನೆ ಕಟ್ಟಿಸಿದ. ಅವನು ಸಿಡ್ನಿಗೆ ಬರುವ ಮುಂಚೆ ಹಿಂದೂಸ್ತಾನದಲ್ಲಿ ಕೆಲಸ ಮಾಡಿದ್ದವನು, ಮನೆಗೂ ನಮ್ಮ ಕಡೆಯ ಬಂಗಲೆಯ ರೂಪ, ಮುಂದೆ ಅಗಲವಾದ ಪಡಸಾಲೆ. ಈಗ ಅದು ಮ್ಯೂಸಿಯಂ. ಸುತ್ತಲಿನ ಬಡಾವಣೆಯ ಹೆಸರು ಹ್ಯಾರಿಸ್ ಪಾರ್ಕ್, ಸಿಡ್ನಿಯ ಲಿಟಲ್ ಇಂಡಿಯಾ. ಬೀದಿ ತುಂಬ ದೋಸೆ, ಚಾಟ್, ಮಿಠಾಯಿ ಅಂಗಡಿಗಳು. ಕೆಲಸಕ್ಕೆ ಅಂತ ಸಿಡ್ನಿಗೆ ಹೋದ ನಮ್ಮ ಕಡೆಯ ಹುಡುಗರು ಶನಿವಾರ ಸಂಜೆ ಊಟಕ್ಕೆ ಅಲ್ಲಿಗೇ ಹೋಗುತ್ತಾರೆ. ರೂಸ್ ಹೆಸರಿನದೂ ಒಂದು ಬಡಾವಣೆ ಇದೆ, ಅಲ್ಲಿಂದ ಬಹಳ ದೂರ, ಕ್ಯಾಂಬೆಲ್‌ಟೌನ್ ಕಡೆ.